ಮಗಳ ಮೈಮೇಲೆ ಮನೆಯ ಕಣ್ಣು

ಉತ್ತರ ಬೆಂಗಳೂರಿನ ಆರ್.ಟಿ. ನಗರದ ಮುಖ್ಯರಸ್ತೆಯಿಂದ ಒಳಕ್ಕೆ ಹೊರಳುವ ಅಡ್ಡರಸ್ತೆಗಳಲ್ಲಾಗಲಿ, ಮತ್ತಿಕೆರೆಯಲ್ಲಾಗಲಿ, ಯಲಹಂಕದ ಹಳೇ ಪೇಟೆಯಲ್ಲಾಗಲಿ, ಹೆಂಗಸರ ರವಿಕೆ ಹೊಲಿಯುವ ಅಂಗಡಿಗೆ ಬರವಿಲ್ಲ. ಶ್ರಾವಣ ಹತ್ತಿರ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟೈಲರ್ ಕತ್ತಿನಿಂದ ಟೇಪು ತೆಗೆದು ಅಳತೆ ಹಿಡಿದು ಗಟ್ಟಿಯಾಗಿ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ರಶೀದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಳತೆಗೆ ನಿಂತಿರುವುದು ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ. ಮಾತಾಡುವುದು ಅವಳ ಅಮ್ಮ. ‘ಒಳಗಡೆ ಎರಡಿಂಚು ಬಟ್ಟೆ ಬಿಡಿ ಅಣ್ಣ. ಇವಳೇನು ಹೀಗೇ ಇರ್ತಾಳಾ? ನಮ್ಮತ್ತೆ ಕಡೆಯವರೆಲ್ಲ ದಪ್ಪವೇ.’ ಸರದಿಗಾಗಿ ಕಾದಿರುವ ನಾಲ್ಕು ಜನ ಹುಡುಗಿಯ ಕಡೆ ಒಮ್ಮೆ ನೋಡುತ್ತಾರೆ. ಹುಡುಗಿ ಮೊಬೈಲಿನೊಳಗೆ ತಲೆ ಹುದುಗಿಸುತ್ತಾಳೆ.

ಅಮ್ಮನ ಮಾತಿನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇಲ್ಲ. ದುಡ್ಡು ಕೊಟ್ಟು ತಂದ ಬಟ್ಟೆ ದಂಡವಾಗಬಾರದು, ನಾಲ್ಕು ವರ್ಷ ಬಾಳಿಕೆ ಬರಬೇಕು ಎನ್ನುವ ಸಂಸಾರಸ್ಥೆಯ ಲೆಕ್ಕ ಅದು. ಆದರೆ ಆ ಹುಡುಗಿ ಮನೆಗೆ ತೆಗೆದುಕೊಂಡು ಹೋಗುವ ತಿಳಿವಳಿಕೆ ಬೇರೆ. ನನ್ನ ಮೈ ಈಗಿರುವಂತೆ ಉಳಿಯುವುದಿಲ್ಲ, ಅದು ಕೆಡುವುದು ಖಂಡಿತ, ಕೆಡುವುದಕ್ಕೆ ಎಲ್ಲರೂ ಕಾಯುತ್ತಿದ್ದಾರೆ ಎಂಬ ತಿಳಿವಳಿಕೆ ಅದು.

ಹರೆಯದ ಹೆಣ್ಣುಮಕ್ಕಳು ತಮ್ಮ ಮೈ ಬಗ್ಗೆ ಕೊರಗುವುದಕ್ಕೆಲ್ಲ ಇನ್‌ಸ್ಟಾಗ್ರಾಮೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಈಗ ರೂಢಿಯಾಗಿದೆ. ಅದರಲ್ಲಿ ಸತ್ಯವಿದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಒಂದು ಸೀಮೆಗೆ 1995ರಲ್ಲಿ ಟಿ.ವಿ. ಬಂತು. ತುಂಬಿದ ಮೈಯನ್ನೇ ಚೆಂದ ಎನ್ನುತ್ತಿದ್ದ ಜನ ಅವರು. ಹಾರ್ವರ್ಡ್ ವಿಶ್ವವಿದ್ಯಾಲಯದ ಆ್ಯನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಟಿ.ವಿ. ಬಂದ ಹೊಸತರಲ್ಲಿ ಒಮ್ಮೆ, ಮೂರು ವರ್ಷದ ನಂತರ ಮತ್ತೊಮ್ಮೆ ಮಾತಾಡಿಸಿ ನೋಡಿದರು. ಅಷ್ಟರಲ್ಲಿ ಹುಡುಗಿಯರು ತೂಕ ಇಳಿಸುವ ಮಾತಾಡತೊಡಗಿದ್ದರು, ತಿಂದದ್ದನ್ನು ವಾಂತಿ ಮಾಡುವ ಅಭ್ಯಾಸವೂ ಕೆಲವರಲ್ಲಿ ಕಾಣಿಸಿಕೊಂಡಿತ್ತು. ಪರದೆಗೆ ಅಂಥ ಶಕ್ತಿ ಇರುವುದು ನಿಜ. ಆದರೆ ಈ ವಿಷಯವನ್ನು ಬಹಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕೆವಿನ್ ಥಾಂಪ್ಸನ್ ಮತ್ತು ಜತೆಗಾರರು 1999ರಲ್ಲಿ ಮಂಡಿಸಿದ ವಿವರಣೆಯಲ್ಲಿ ಪರದೆಯೊಂದೇ ಇಲ್ಲ. ಮನೆಯವರು, ಓರಗೆಯವರು, ಮಾಧ್ಯಮ, ಈ ಮೂರೂ ಕಡೆಯಿಂದ ಹುಡುಗಿಗೆ ತನ್ನ ದೇಹದ ಬಗ್ಗೆ ಅಭಿಪ್ರಾಯ ಹುಟ್ಟುತ್ತದೆ ಎನ್ನುತ್ತಾರೆ ಅವರು. ಈ ಮೂವರಲ್ಲಿ ಮನೆಯವರದೇ ಮೊದಲ ಸರದಿ. ಮಗುವಿನ ಕೈಗೆ ಮೊಬೈಲು ಬರುವ ಎಷ್ಟೋ ವರ್ಷ ಮೊದಲೇ ‘ಅಪ್ಪನ ಬಣ್ಣ ಬಂದುಬಿಟ್ಟಿದೆ, ಅಮ್ಮನ ಹಾಗೆ ಬೆಳ್ಳಗಿದ್ದಿದ್ದರೆ...’ ಎಂಬ ಮಾತು ತೊಟ್ಟಿಲಿನ ಸುತ್ತ ಆಗಿ ಹೋಗಿರುತ್ತದೆ.

ಯಾವುದೇ ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಹೋಗಿ ನೋಡಿ. ಯಶವಂತಪುರದ ಛತ್ರವಿರಲಿ, ಹೆಬ್ಬಾಳದ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್ ಇರಲಿ, ಹುಡುಗಿ ಬಾಗಿಲು ದಾಟುವಷ್ಟರಲ್ಲಿ ದೊಡ್ಡಮ್ಮನಿಂದ ಬರುವ ಮೊದಲ ಮಾತು ಮೈ ಕುರಿತದ್ದೇ. ‘ಏನೇ, ಇಷ್ಟೊಂದು ಊದ್ಕೊಂಡಿದ್ದೀಯ!’ ಅದೇ ಹುಡುಗಿ ಆರು ತಿಂಗಳು ಊಟ ಕಡಿಮೆ ಮಾಡಿ ಮುಂದಿನ ಸಮಾರಂಭಕ್ಕೆ ಬಂದರೆ, ‘ಯಾಕಮ್ಮ ಹೀಗೆ ಸೊರಗಿದ್ದೀಯ, ಹಾಸ್ಟೆಲ್ ಊಟ ಹಿಡಿಸಲಿಲ್ವಾ? ಮುಖದಲ್ಲಿ ಕಳೇನೇ ಇಲ್ಲ.’ ದಪ್ಪಗಿದ್ದರೆ ಡುಮ್ಮಿ, ಸಣ್ಣಗಿದ್ದರೆ ಕಡ್ಡಿ. ಕುಶಲ ವಿಚಾರಿಸುವ ನಮ್ಮ ಬಗೆಯೇ ಹಾಗೆ, ಅದರಲ್ಲಿ ಅಕ್ಕರೆಯೂ ಇದೆ ಎನ್ನುವವರಿದ್ದಾರೆ. ಅಕ್ಕರೆ ಇರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಪಂಕ್ತಿಯಲ್ಲಿ ಕೂತ ತಮ್ಮನನ್ನು ‘ಯಾವ ಸೆಮಿಸ್ಟರು, ಯಾವ ಕಂಪನಿ’ ಎಂದು ಕೇಳುತ್ತಾರೆ. ಅವನ ಹೊಟ್ಟೆ ಮುಂದೆ ಬಂದಿದ್ದರೂ ಬಡಿಸುವವರು ಇನ್ನೊಂದು ಹೋಳಿಗೆ ಹಾಕುತ್ತಾರೆ. ಈ ವ್ಯತ್ಯಾಸ ಹುಡುಗಿಯ ಕಣ್ಣಿಗೆ ಬೀಳದೆ ಇರುವುದಿಲ್ಲ.

ಮನೆಯ ಕಣ್ಣು ಮಗಳ ಮೈಯನ್ನು ಒಂದೊಂದು ವಯಸ್ಸಿನಲ್ಲಿ ಒಂದೊಂದು ಬಗೆಯಲ್ಲಿ ನೋಡುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಹುಡುಗಿ ದೊಡ್ಡವಳಾದಾಗ ಕೂರಿಸಿ ಆರತಿ ಎತ್ತುವ ಪದ್ಧತಿ ಬೆಂಗಳೂರಿನ ಬಡಾವಣೆಗಳಲ್ಲೂ ಪೂರ್ತಿ ನಿಂತಿಲ್ಲ. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದು ಯಶವಂತಪುರ, ಮತ್ತಿಕೆರೆಯಲ್ಲಿ ನೆಲೆಯಾದ ಮನೆಗಳಲ್ಲಿ ಇವತ್ತಿಗೂ ಸೋದರಮಾವ ಸೀರೆ ತರುತ್ತಾನೆ. ಆ ದಿನಗಳಲ್ಲಿ ಅಜ್ಜಿಗೆ ಮೊಮ್ಮಗಳ ಸೊಂಟದ್ದೇ ಚಿಂತೆ. ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ, ತುಪ್ಪ ಸುರಿದ ಮೆಂತ್ಯದ ಮುದ್ದೆ ಹೊತ್ತು ಹೊತ್ತಿಗೂ ಬರುತ್ತವೆ. ‘ಈಗ ತಿಂದರೆ ನಾಳೆ ಹೆರಿಗೆಗೆ ಸೊಂಟ ಗಟ್ಟಿ.’ ಕಬ್ಬಿಣ, ಸುಣ್ಣದ ಅಂಶ, ಕೊಬ್ಬು, ಬೆಳೆಯುವ ಮೈಗೆ ಬೇಕಾದ್ದು ಇದರಲ್ಲಿ ಬಹಳಷ್ಟಿದೆ. ಅಜ್ಜಿಯ ಅಂದಾಜು ತಪ್ಪಲ್ಲ. ತಪ್ಪು ಇರುವುದು ಅದರ ಜತೆಗೇ ಆಗುವ ಇನ್ನೊಂದು ಬದಲಾವಣೆಯಲ್ಲಿ. ಅಲ್ಲಿಯತನಕ ಬೀದಿಯಲ್ಲಿ ಲಗೋರಿ, ಶಟಲ್, ಸೈಕಲ್ಲು ಎಂದು ಓಡಾಡುತ್ತಿದ್ದ ಹುಡುಗಿಯ ಆಟ ನಿಲ್ಲುತ್ತದೆ. ಯಾರೂ ‘ಆಡಬೇಡ’ ಎಂದು ಕಟ್ಟಪ್ಪಣೆ ಮಾಡುವುದಿಲ್ಲ. ‘ಇನ್ನು ಸ್ವಲ್ಪ ನೋಡ್ಕೊಂಡು ಇರಮ್ಮ’ ಎನ್ನುತ್ತಾರೆ, ಅಷ್ಟೇ. ತಿನ್ನುವುದನ್ನು ಹೆಚ್ಚಿಸಿ, ಓಡುವುದನ್ನು ನಿಲ್ಲಿಸುವ ಕೆಲಸ ಒಂದೇ ವರ್ಷದಲ್ಲಿ ಆಗಿಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆ ಎಂದುಕೊಳ್ಳಬೇಕಿಲ್ಲ. ಹದಿಹರೆಯದವರು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಮಾಹಿತಿ ಆಧರಿಸಿ 2019ರಲ್ಲಿ ಅದು ಹೊರತಂದ ಜಾಗತಿಕ ಲೆಕ್ಕದಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ 85ರಷ್ಟು ಮಂದಿ ಆ ಮಟ್ಟ ಮುಟ್ಟಿರಲಿಲ್ಲ. ಹುಡುಗರಲ್ಲೂ ಶೇ 78 ಮಂದಿ ಮುಟ್ಟಿರಲಿಲ್ಲ. ಮೂಳೆ ಗಟ್ಟಿಯಾಗುವ ಕೆಲಸದ ಬಹುಪಾಲು ಈ ವಯಸ್ಸಿನಲ್ಲೇ ಮುಗಿಯುವುದರಿಂದ, ಆಗ ಕೂತುಬಿಟ್ಟ ಹುಡುಗಿ ಐವತ್ತು ದಾಟಿದ ಮೇಲೆ ಅದರ ಬೆಲೆ ತೆರುತ್ತಾಳೆ.

ಆಮೇಲೆ ಬರುವುದು ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್. ಆ ಮೂರು ನಾಲ್ಕು ವರ್ಷ ಮೈ ಎಂಬುದೊಂದಿದೆ ಎನ್ನುವುದನ್ನೇ ಮನೆ ಮರೆಯುತ್ತದೆ. ಕಾಲೇಜು, ಅಲ್ಲಿಂದ ಕೋಚಿಂಗ್, ಅಲ್ಲಿಂದ ಮನೆ. ಮಂಚದ ಮೇಲೆ ಕಾಲು ಮಡಚಿ ಕೂತ ಹುಡುಗಿಯ ಪಕ್ಕಕ್ಕೆ ಅಮ್ಮ ತಟ್ಟೆ ತಂದಿಡುತ್ತಾಳೆ. ‘ಓದಿಕೋ ಕಂದ, ನೀನು ಏಳಬೇಡ.’ ಆಟದ ಪೀರಿಯಡ್ಡು ಗಣಿತದವರ ಪಾಲಾಗುತ್ತದೆ, ಯಾವ ಪೋಷಕರೂ ಪ್ರಾಂಶುಪಾಲರ ಬಳಿ ಹೋಗಿ ಅದನ್ನು ಪ್ರಶ್ನಿಸುವುದಿಲ್ಲ.

ಡಿಗ್ರಿ ಮುಗಿಯುವ ಹೊತ್ತಿಗೆ ಮರೆತಿದ್ದ ಮೈ ಏಕಾಏಕಿ ನೆನಪಾಗುತ್ತದೆ. ಜಾತಕ ಹೊರಗೆ ಬರುವ ಕಾಲ ಅದು. ‘ಹುಡುಗಿ ತೆಳ್ಳಗೆ ಬೆಳ್ಳಗೆ ಇರಬೇಕು’ ಎಂದು ಹುಡುಗನ ಕಡೆಯವರು ಹೇಳಿದ್ದನ್ನು ಬ್ರೋಕರ್ ಫೋನಿನಲ್ಲಿ ತಲುಪಿಸುತ್ತಾನೆ. ಹತ್ತು ವರ್ಷ ಮಗಳ ವ್ಯಾಯಾಮಕ್ಕೆ ಒಂದು ರೂಪಾಯಿ ಖರ್ಚು ಮಾಡದ ಮನೆ ಈಗ ಜಿಮ್ಮಿಗೆ ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟುತ್ತದೆ. ರಾತ್ರಿ ಅನ್ನ ಬಂದ್, ಬೆಳಿಗ್ಗೆ ಜೀರಿಗೆ ನೀರು. ನಿಶ್ಚಿತಾರ್ಥದ ಫೋಟೊ ಚೆನ್ನಾಗಿ ಬಂದರೆ ಎಲ್ಲರಿಗೂ ಸಮಾಧಾನ. ಮದುವೆಯಾದ ಮೇಲೆ ಜಿಮ್ಮಿನ ಕಾರ್ಡು ಯಾವ ಪರ್ಸಿನಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಯಾಕೆಂದರೆ ಆ ವ್ಯಾಯಾಮ ಅವಳಿಗಾಗಿ ಶುರುವಾದದ್ದೇ ಅಲ್ಲ, ನೋಡಲು ಬರುವವರಿಗಾಗಿ ಶುರುವಾದದ್ದು. ಅವರು ನೋಡಿ ಒಪ್ಪಿಯಾದ ಮೇಲೆ ಅದರ ಕೆಲಸ ಮುಗಿಯಿತು. ವರ್ಷದೊಳಗೆ ಬಸಿರು, ಬಾಣಂತನ. ಮತ್ತೆ ತುಪ್ಪ, ಮತ್ತೆ ಅಂಟಿನುಂಡೆ, ಹೊಟ್ಟೆಗೆ ಬಿಗಿಯಾಗಿ ಕಟ್ಟುವ ಹಳೇ ಪಂಚೆ. ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಅದೇ ದೊಡ್ಡಮ್ಮನ ಅದೇ ಪ್ರಶ್ನೆ.

ಮನೆಯವರ ಕಾಳಜಿಗೆ ಆಧಾರವೇ ಇಲ್ಲವೆಂದು ಮಾತ್ರ ಹೇಳಲಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಕರ್ನಾಟಕದ ಬಗ್ಗೆ ಕೊಟ್ಟ ಅಂಕಿಗಳನ್ನು ನೋಡಿ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 30.1 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.3 ಇತ್ತು. ಈ ಐದನೇ ಸಮೀಕ್ಷೆಯಲ್ಲೇ ಶೇ 17.2 ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಮತ್ತೆ ಶೇ 47.8 ಮಂದಿಗೆ ರಕ್ತಹೀನತೆ, ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ಊರಿನಲ್ಲಿ ಮಗಳ ತೂಕ ಏರುವುದನ್ನು ಕಂಡ ಅಪ್ಪ ಕಳವಳಪಟ್ಟರೆ ಅದನ್ನು ಹಳಿಯುವಂತಿಲ್ಲ.

ಆದರೆ ಕನ್ನಡಿಯ ಮುಂದೆ ನಿಂತು ಅಂದಾಜು ಮಾಡುವ ತೂಕಕ್ಕೂ ವೈದ್ಯರು ಹೇಳುವ ತೂಕಕ್ಕೂ ಬಹಳ ದೂರವಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ಅದು 18.5ಕ್ಕಿಂತ ಕಡಿಮೆ ಇರಬಾರದು. ಭಾರತೀಯರಿಗೆ 23 ದಾಟಿದರೆ ಎಚ್ಚರ ಬೇಕು ಎನ್ನುತ್ತಾರೆ ನಮ್ಮ ವೈದ್ಯರು. ಐದಡಿ ಎರಡಿಂಚು ಎತ್ತರದ ಹುಡುಗಿಗೆ ಇದನ್ನು ಅನ್ವಯಿಸಿದರೆ 46 ಕಿಲೋದಿಂದ 57 ಕಿಲೋ ತನಕ ಎಲ್ಲವೂ ಸರಿಯಾದ ತೂಕವೇ. ಹನ್ನೊಂದು ಕಿಲೋದಷ್ಟು ಅವಕಾಶ! 48 ಕಿಲೋ ಇರುವ ಅಕ್ಕನ ಪಕ್ಕ 56 ಕಿಲೋ ಇರುವ ತಂಗಿ ನಿಂತರೆ ನಮ್ಮ ಮನೆಗಳಲ್ಲಿ ತಂಗಿಗೆ ‘ಗುಂಡಮ್ಮ’ ಎಂಬ ಹೆಸರು ಖಾಯಂ. ವೈದ್ಯರ ಲೆಕ್ಕದಲ್ಲಿ ಇಬ್ಬರೂ ಆರೋಗ್ಯವಂತರು.

ಹಂಗಿಸಿದರೆ ಛಲ ಹುಟ್ಟಿ ಮಗಳು ವ್ಯಾಯಾಮ ಮಾಡುತ್ತಾಳೆ ಎಂಬ ನಂಬಿಕೆ ಅನೇಕರಲ್ಲಿದೆ. ಸಂಶೋಧನೆ ಹೇಳುವುದು ಇದಕ್ಕೆ ತದ್ವಿರುದ್ಧ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ತಂಡವೊಂದು ಹದಿಹರೆಯದವರನ್ನೂ ಅವರ ತಂದೆತಾಯಿಯರನ್ನೂ ಪ್ರಶ್ನಿಸಿ 2013ರಲ್ಲಿ ವರದಿ ಪ್ರಕಟಿಸಿತು. ಮನೆಯಲ್ಲಿ ತೂಕ, ಗಾತ್ರದ ಮಾತೇ ನಡೆಯುತ್ತಿದ್ದ ಮಕ್ಕಳಲ್ಲಿ ಊಟ ಬಿಡುವುದು, ಅಪಾಯಕರ ರೀತಿಯಲ್ಲಿ ತೂಕ ಇಳಿಸುವುದು ಹೆಚ್ಚಾಗಿತ್ತು. ಯಾವುದು ತಿಂದರೆ ಮೈಗೆ ಒಳ್ಳೆಯದು ಎಂಬ ಮಾತಷ್ಟೇ ನಡೆಯುತ್ತಿದ್ದ ಮನೆಯ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ತನ್ನ ಸದಸ್ಯರಿಗೆ ಕೊಟ್ಟ ಮಾರ್ಗದರ್ಶನದಲ್ಲಿ ಬೊಜ್ಜು ಮತ್ತು ಊಟ ಬಿಡುವ ಕಾಯಿಲೆ ಎರಡನ್ನೂ ಒಟ್ಟಿಗೆ ತಡೆಯುವ ದಾರಿ ಹೇಳಿದೆ: ಮಕ್ಕಳ ತೂಕದ ಮಾತೆತ್ತಬೇಡಿ, ಹಂಗಿಸಬೇಡಿ, ಡಯಟ್ ಮಾಡಿಸಬೇಡಿ, ಮನೆಮಂದಿ ಒಟ್ಟಿಗೆ ಕೂತು ಉಣ್ಣಿ. ಡಯಟ್ ಮಾಡುವ ಮಕ್ಕಳೇ ಮುಂದೆ ಹೆಚ್ಚು ತೂಕ ಏರಿಸಿಕೊಳ್ಳುತ್ತಾರೆ ಎಂಬುದನ್ನೂ ಅದು ಎತ್ತಿ ಹೇಳಿದೆ.

ಹಂಗಿಸಿದರೆ ಹೀಗೇಕಾಗುತ್ತದೆ ಎಂದು ತಿಳಿಯುವುದು ಕಷ್ಟವೇನಲ್ಲ. ಚುಚ್ಚುಮಾತು ಕೇಳಿದ ಹುಡುಗಿ ಮೊದಲು ಬಿಡುವುದು ಬೆಳಗಿನ ತಿಂಡಿ. ಹತ್ತು ಗಂಟೆಗೆ ಕಾಲೇಜಿನಲ್ಲಿ ತಲೆ ಸುತ್ತುತ್ತದೆ, ಸಂಜೆ ನಾಲ್ಕಕ್ಕೆ ಹಸಿವು ತಡೆಯದೆ ಗೋಬಿಯೋ ಪಫ್ಸೋ ತಿನ್ನುತ್ತಾಳೆ. ಮೊದಲೇ ರಕ್ತ ಕಡಿಮೆ. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವವಳಿಗೆ ಓಡುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಜತೆಗೆ ನಾಚಿಕೆ. ಟ್ರ್ಯಾಕ್ ಪ್ಯಾಂಟು ಹಾಕಿ ಬೀದಿಗಿಳಿದರೆ ಯಾರು ಏನೆನ್ನುತ್ತಾರೋ ಎಂಬ ಅಳುಕು. ಯಾರನ್ನು ಓಡಲಿ ಎಂದು ಹಂಗಿಸಿದರೋ ಅವರೇ ಓಡುವುದನ್ನು ಬಿಡುತ್ತಾರೆ.

ಅರ್ಧ ಗಂಟೆ ಯಾರದು?

ಉತ್ತರ ಬೆಂಗಳೂರಿನಲ್ಲಿ ನಡೆಯಲು, ಓಡಲು ಜಾಗದ ಕೊರತೆ ಇದೆಯೆಂದು ದೂರುವಂತಿಲ್ಲ. ಹೆಬ್ಬಾಳ ಕೆರೆ ಇದೆ, ಜಕ್ಕೂರು ಕೆರೆ ಇದೆ, ಯಲಹಂಕ ಉಪನಗರದ ಸುತ್ತ ಅಳ್ಳಾಳಸಂದ್ರ, ಪುಟ್ಟೇನಹಳ್ಳಿಯ ಕೆರೆಗಳಿವೆ. ಮತ್ತಿಕೆರೆಯ ಜೆ.ಪಿ. ಪಾರ್ಕು ನಗರದ ದೊಡ್ಡ ಉದ್ಯಾನಗಳಲ್ಲೊಂದು. 2024ರ ಜೂನ್‌ನಲ್ಲಿ ನಗರದ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡುವ ನಿರ್ಧಾರವೂ ಆಯಿತು. ಅದಕ್ಕೆ ಮೊದಲು ಹಗಲಿನಲ್ಲಿ ಕೆಲವು ಗಂಟೆ ಗೇಟಿಗೆ ಬೀಗ ಬೀಳುತ್ತಿತ್ತು. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸೂ ಹೆಣ್ಣುಮಕ್ಕಳಿಗೆ ಉಚಿತ.

ಹಾಗಿದ್ದೂ ಬೆಳಿಗ್ಗೆ ಆರೂವರೆಗೆ ಈ ಯಾವ ಪಾರ್ಕಿಗೆ ಹೋದರೂ ಇಪ್ಪತ್ತರ ಆಸುಪಾಸಿನ ಹುಡುಗಿಯರು ವಿರಳ. ನಿವೃತ್ತರು ಇದ್ದಾರೆ, ಸೀರೆಯ ಕೆಳಗೆ ಸ್ಪೋರ್ಟ್ಸ್ ಷೂ ಹಾಕಿದ ನಡುವಯಸ್ಸಿನ ಹೆಂಗಸರು ಇದ್ದಾರೆ, ಹುಡುಗರ ಗುಂಪು ಪುಲ್‌ಅಪ್ ಕಂಬಿಗೆ ನೇತಾಡುತ್ತಿದೆ. ಆ ಹೆಂಗಸರ ಹೆಣ್ಣುಮಕ್ಕಳು ಎಲ್ಲಿ ಎಂದು ಕೇಳಬೇಕಾದ್ದು ಅಲ್ಲೇ. ಕೆಲವರು ಮಲಗಿದ್ದಾರೆ. ಹಲವರು ಒಲೆಯ ಮುಂದಿದ್ದಾರೆ. ಅಮ್ಮ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಕುಕ್ಕರ್ ಕೂಗಿಸಿ, ತಮ್ಮನ ಡಬ್ಬಿಗೆ ಚಪಾತಿ ಲಟ್ಟಿಸಿಡಬೇಕಾದ್ದು ಮಗಳೇ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು ಕೊಡುವುದು 88 ನಿಮಿಷ. ಮನೆಯೊಳಗೆ ಸಮಯ ಹಂಚುವ ಈ ರೀತಿಯೇ ಪಾರ್ಕಿನಲ್ಲಿ ಯಾರು ಕಾಣಿಸುತ್ತಾರೆ ಎಂಬುದನ್ನು ತೀರ್ಮಾನಿಸಿಬಿಡುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಭಾರತದ ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42 ಮಂದಿ ಹಿಂದೆ ಬಿದ್ದಿದ್ದರು. ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವ ಅಜ್ಜಂದಿರಿಗೆ ಒಂದು ಮಾತು: ಬಾವಿಯಿಂದ ನೀರು ಸೇದಿ, ರುಬ್ಬುಗುಂಡಿನಲ್ಲಿ ರುಬ್ಬುತ್ತಿದ್ದ ಕಾಲಕ್ಕೆ ಅದು ನಿಜವಿತ್ತು. ಮಿಕ್ಸಿಯ ಮುಂದೆ ನಿಂತರೆ ದಣಿವಾಗುತ್ತದೆ, ಉಸಿರು ಬಿರುಸಾಗುವುದಿಲ್ಲ.

ಸಮಯ ಸಿಕ್ಕರೂ ಒಪ್ಪಿಗೆ ಸಿಗಬೇಕು. ಚಳಿಗಾಲದಲ್ಲಿ ಆರು ಗಂಟೆಗೆ ಇನ್ನೂ ಕತ್ತಲು. ಸಂಜೆ ಏಳಕ್ಕೆ ಕೆರೆಯ ಏರಿಯ ದೀಪ ಉರಿಯುತ್ತದೋ ಇಲ್ಲವೋ. ಬೀದಿನಾಯಿ, ಹಿಂಬಾಲಿಸುವ ಬೈಕು, ಎಲ್ಲವೂ ನಿಜವಾದ ಭಯವೇ. ಹಾಗಾಗಿ ಮಗಳು ನಡೆಯಲು ಹೋಗುತ್ತಾಳೋ ಇಲ್ಲವೋ ಎನ್ನುವುದು ಮನೆಯಲ್ಲಿ ಜತೆಗೆ ಹೊರಡುವವರು ಇದ್ದಾರೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ. ಆರ್.ಟಿ. ನಗರ, ಗಂಗಾನಗರದ ಕಡೆ ಬುರ್ಖಾ ತೊಟ್ಟ ತಾಯಿ ಮಗಳು ಒಬ್ಬರಿಗೊಬ್ಬರು ಜತೆಯಾಗಿ ಬಿರುಸಾಗಿ ಸುತ್ತು ಹಾಕುವುದನ್ನು ನೀವೂ ಕಂಡಿರಬಹುದು. ಅಲ್ಲಿ ತಾಯಿ ‘ತೆಳ್ಳಗಾಗು’ ಎಂದು ಉಪದೇಶ ಮಾಡುತ್ತಿಲ್ಲ, ತಾನೇ ನಡೆಯುತ್ತಿದ್ದಾಳೆ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಬಡಾವಣೆಗಳಲ್ಲಿ ಬೆಳಗಿನ ಜಾವ ನಡೆಸುವ ಉಚಿತ ಯೋಗ ತರಗತಿಗಳಿಗೆ ಎಷ್ಟೋ ತಾಯಂದಿರು ಹೋಗುತ್ತಾರೆ. ಅವರು ಚಾಪೆಯ ಜತೆ ಮಗಳನ್ನೂ ಕರೆದೊಯ್ದರೆ ಫೀಸಿಲ್ಲದೆ, ಹೆದರಿಕೆಯಿಲ್ಲದೆ ಒಂದು ಅಭ್ಯಾಸ ಕುದುರುತ್ತದೆ.

ಇನ್ನೊಂದು ಅಡ್ಡಿಯನ್ನು ನಾವು ಅಡ್ಡಿಯೆಂದೇ ಎಣಿಸುವುದಿಲ್ಲ. ಅದು ಬಿಸಿಲು. ‘ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ’ ಎಂಬ ಒಂದೇ ಮಾತು ನಮ್ಮಲ್ಲಿ ಎಷ್ಟು ಹುಡುಗಿಯರ ಥ್ರೋಬಾಲ್, ಈಜು, ಅಥ್ಲೆಟಿಕ್ಸ್ ನಿಲ್ಲಿಸಿದೆಯೋ ಲೆಕ್ಕ ಇಟ್ಟವರಿಲ್ಲ. ತೂಕದ ಮಾತಿಗಾದರೂ ಆರೋಗ್ಯದ ನೆಪವಿದೆ. ಬಣ್ಣದ ಮಾತಿಗೆ ಅದೂ ಇಲ್ಲ. ಇದನ್ನು ಮನೆಯಿಂದ ಹೊರಗೆ ಹಾಕಲೇಬೇಕು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಈ ತನಕ ಹೇಳಿದ್ದೆಲ್ಲ ಮಗಳ ಜಿಮ್ಮಿಗೆ ಫೀಸು ಕಟ್ಟಬಲ್ಲ ಮನೆಗಳ ಮಾತಾಯಿತು. ಯಶವಂತಪುರದಾಚೆ ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬೆಳಿಗ್ಗೆ ಬುತ್ತಿ ಹಿಡಿದು ಹೊರಡುವ ಹುಡುಗಿಯರೂ ಇದೇ ವಯಸ್ಸಿನವರು. ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಬೆನ್ನು ಬಗ್ಗಿಸಿ ಕೂತವರಿಗೆ ಸೊಂಟ, ಕುತ್ತಿಗೆ, ಮಣಿಕಟ್ಟಿನ ನೋವು ತಪ್ಪಿದ್ದಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ‘ಎಂಗ್ ಒಣಗೋಗಿದ್ದೀಯೇ’ ಎಂದು ಕಣ್ಣೀರು ಹಾಕುತ್ತಾಳೆ. ಅವಳಿಗೆ ಮಗಳು ತುಂಬಿಕೊಂಡಿದ್ದರೇ ಚೆಂದ, ತೆಳ್ಳಗಿದ್ದರೆ ಹೊಟ್ಟೆಗಿಲ್ಲ ಎಂದರ್ಥ. ಆದರೂ ಎಲ್ಲರೂ ಉಂಡಾದ ಮೇಲೆ ತಳದಲ್ಲಿ ಉಳಿದಷ್ಟನ್ನು ಉಣ್ಣುವ ಪದ್ಧತಿಯನ್ನು ಮಗಳಿಗೆ ಕಲಿಸಿದ್ದೂ ಅವ್ವನೇ. ಬಾಡಿಗೆ ಕೋಣೆಯಲ್ಲಿ ನಾಲ್ವರು ಹುಡುಗಿಯರು ಸೇರಿ ಅಡುಗೆ ಮಾಡಿಕೊಂಡರೂ, ಸಂಬಳದಲ್ಲಿ ಊರಿಗೆ ಕಳಿಸಿ ಉಳಿದದ್ದರಲ್ಲಿ ಮೊಟ್ಟೆ, ಹಾಲು, ಕಾಳಿನ ಪಾಲು ಕಡಿಮೆಯೇ. ರಕ್ತಹೀನತೆಯ ಆ ಶೇ 47.8ರ ಲೆಕ್ಕಕ್ಕೆ ಇಂಥವರೂ ಸೇರಿದ್ದಾರೆ. ಅವರಿಗೆ ಬೇಕಾದ್ದು ಟ್ರೆಡ್‌ಮಿಲ್ಲಲ್ಲ. ಕಬ್ಬಿಣದ ಮಾತ್ರೆ, ಮೊಟ್ಟೆ, ನಡುವೆ ಎದ್ದು ಮೈ ಮುರಿಯಲು ಐದು ನಿಮಿಷ, ಮತ್ತೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲೇ ಒಂದು ತಟ್ಟೆ.

ಅಂಗಳ ಕೊಟ್ಟ ಮನೆಗಳು

ಬೆಂಗಳೂರಿನ ವ್ಯಾಯಾಮದ ಚರಿತ್ರೆ ಬಹುಪಾಲು ಗಂಡಸರದು. ಪೇಟೆಯ ಗರಡಿ ಮನೆಗಳ ಕೆಂಪು ಮಣ್ಣು ಹುಡುಗರದೇ ಆಗಿತ್ತು. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ಜಿಮ್ನಾಷಿಯಂ ಇಡೀ ದೇಶಕ್ಕೆ ಹೆಸರಾಗಿದ್ದ ಕಾಲದಲ್ಲೂ ನಮ್ಮ ಅಜ್ಜಿಯರಿಗೆ ಮೈ ಕಸುವು ಎಂದರೆ ಮನೆಗೆಲಸದ ಕಸುವು ಮಾತ್ರ.

ಆದರೂ ಕೆಲವು ಮನೆಗಳಲ್ಲಿ ಬೇರೆ ಏನೋ ನಡೆಯಿತು. ಕ್ರಿಕೆಟ್ ಆಟಗಾರ್ತಿ ಶಾಂತಾ ರಂಗಸ್ವಾಮಿ ಏಳು ಮಂದಿ ಅಕ್ಕತಂಗಿಯರಲ್ಲಿ ಒಬ್ಬರು. ಬೆಂಗಳೂರಿನ ಕೂಡುಕುಟುಂಬದ ಅಂಗಳದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಜತೆ ಬ್ಯಾಟು ಹಿಡಿದು ಬೆಳೆದವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಏಳು ಹೆಣ್ಣುಮಕ್ಕಳ ತಾಯಿ ಆಟ ನಿಲ್ಲಿಸಿ ಎಂದಿದ್ದರೆ ಆ ಕಾಲದಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. 1976ರಲ್ಲಿ ಭಾರತದ ಮಹಿಳೆಯರು ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲೇ, ನಾಯಕಿ ಶಾಂತಾ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ.

ಎತ್ತರ ಜಿಗಿತದಲ್ಲಿ 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದ ಸಹನಾ ಕುಮಾರಿ ಕನ್ನಡದ ಹೆಣ್ಣುಮಗಳು. ಪತಿ ಬಿ.ಜಿ. ನಾಗರಾಜ್ ಓಟಗಾರ. ಅವರ ಮಗಳು ಪಾವನಾ ಕೂಡ ಜಿಗಿತದ ಕಣಕ್ಕಿಳಿದ ಅಥ್ಲೀಟ್. ತಾಯಿಯ ಮೈಯನ್ನು ಹಾರುವ, ಓಡುವ ಮೈಯಾಗಿ ಕಂಡು ಬೆಳೆದ ಮಗಳಿಗೆ ತನ್ನ ಮೈ ಯಾತಕ್ಕಿದೆ ಎಂದು ಬೇರೆಯವರು ಹೇಳಿಕೊಡಬೇಕಾಗುವುದಿಲ್ಲ. ಪಡುಕೋಣೆ ಮನೆತನದ್ದೂ ಇಂಥದೇ ಕಥೆ. ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ, ಮದುವೆ ಇಲ್ಲದ ದಿನ ಆಡಿ ಕಲಿತವರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಪ್ರಕಾಶರ ಹೆಸರು ಹೊತ್ತ ಕ್ರೀಡಾ ಕೇಂದ್ರ ಈಗ ಯಲಹಂಕದಾಚೆ ವಿಮಾನ ನಿಲ್ದಾಣದ ರಸ್ತೆಯ ಕಡೆ ಇದೆ. ಮಗಳು ದೀಪಿಕಾ ರೂಪದರ್ಶಿಯಾಗುವ ಮೊದಲು ರಾಷ್ಟ್ರ ಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದವರು. ಮುಂದೆ, ರೂಪವೇ ಬಂಡವಾಳವಾದ ಸಿನಿಮಾ ಉದ್ಯಮದಲ್ಲಿ ಉತ್ತುಂಗದಲ್ಲಿದ್ದಾಗ ಆಕೆ ಖಿನ್ನತೆಗೆ ಒಳಗಾದರು. 2015ರಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡಾಗ, ತನಗೆ ಏನೋ ಆಗಿದೆ ಎಂದು ಮೊದಲು ಗುರುತಿಸಿದ್ದು ಅಮ್ಮ ಎಂದರು. ಮನೆಯ ಕಣ್ಣಿನಿಂದ ಮಗಳಿಗೆ ಆಗುವ ದೊಡ್ಡ ಉಪಕಾರ ಇದೇ. ಅಮ್ಮ ನೋಡಿದ್ದು ಮಗಳ ಗಾತ್ರವನ್ನಲ್ಲ, ಮಗಳು ಅಳುತ್ತಿದ್ದ ರೀತಿಯನ್ನು.

ಎಲ್ಲ ಮಕ್ಕಳೂ ದಾಖಲೆ ಬರೆಯಬೇಕಿಲ್ಲ. ಈ ಮನೆಗಳಲ್ಲಿ ದೊರೆತದ್ದು ಮುಖ್ಯ: ಜತೆಗೆ ಆಡುವವರು, ಆಡಲು ಜಾಗ, ಮತ್ತೆ ಮೈಯೆಂಬುದು ನೋಡುವವರ ವಸ್ತುವಲ್ಲ, ಅದರಿಂದ ಏನೆಲ್ಲ ಮಾಡಬಹುದು ಎಂಬ ಭರವಸೆ. ಅಪಾರ್ಟ್‌ಮೆಂಟಿನ ಶಟಲ್ ಕೋರ್ಟಿನಲ್ಲಿ ರಾತ್ರಿ ಎಂಟಕ್ಕೆ ಅಪ್ಪ ಮಗಳು ಆಡುವುದೂ ಇದೇ. ‘ಎಷ್ಟು ಕಿಲೋ ಇಳಿದೆ?’ ಎಂದು ಕೇಳುವ ಅಪ್ಪನ ಮಗಳು, ಕಿಲೋ ಇಳಿಯದ ದಿನ ಆಟ ಬಿಡುತ್ತಾಳೆ. ‘ನಿನ್ನೆಗಿಂತ ಎಷ್ಟು ಪಾಯಿಂಟ್ ಜಾಸ್ತಿ?’ ಎಂದು ಕೇಳುವ ಅಪ್ಪನ ಮಗಳು ನಾಳೆಯೂ ಬರುತ್ತಾಳೆ.

ಮನೆಯವರ ಕೈಮೀರಿದ ಸಂದರ್ಭಗಳೂ ಇರುತ್ತವೆ. ಮಗಳು ಎಲ್ಲರೊಂದಿಗೆ ಕೂತು ಉಣ್ಣುವುದನ್ನು ತಪ್ಪಿಸತೊಡಗಿದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಎರಡು ಮೂರು ತಿಂಗಳು ಮುಟ್ಟು ನಿಂತರೆ, ಜ್ವರವಿದ್ದರೂ ವ್ಯಾಯಾಮ ಬಿಡಲಾರೆ ಎಂದು ಹಟ ಹಿಡಿದರೆ ಅದು ಕಾಯಿಲೆಯಿರಬಹುದು. ಬುದ್ಧಿವಾದದಿಂದ ಅದು ವಾಸಿಯಾಗುವುದಿಲ್ಲ. ವೈದ್ಯರ ಬಳಿ ಹೋಗಬೇಕು. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಉಳಿದ ಮನೆಗಳಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಮುಂದಿನ ಸಮಾರಂಭದಲ್ಲಿ ತಂಗಿಯ ಮಗಳು ಎದುರು ಬಂದಾಗ ಅವಳ ಓದು, ಕೆಲಸ, ಆಟದ ಬಗ್ಗೆ ಕೇಳಿ. ಮೈ ಬಗ್ಗೆ ಮಾತೆತ್ತಲೇಬೇಡಿ, ಹೊಗಳುವುದಕ್ಕೂ ಬೇಡ. ಮಗಳಿಗೆ ವ್ಯಾಯಾಮ ಹೇಳುವ ಮೊದಲು ನಿಮ್ಮ ಷೂ ಹಾಕಿಕೊಳ್ಳಿ. ಮತ್ತೆ ಈ ಸೋಮವಾರದಿಂದ ಸಂಜೆಯ ಪಾತ್ರೆ ತೊಳೆಯುವ ಅರ್ಧ ಗಂಟೆಯನ್ನು ಮಗನ ಪಾಲಿಗೆ ಹಾಕಿ, ಮಗಳನ್ನು ಆಚೆ ಕಳಿಸಿ.